ಒತ್ತಕ್ಷರ ಕದ್ದವರು

ಕರಡಮ್ಮ ಎಂಬುದು ಅವರ ಹೆಸರಲ್ಲ. ಅಚ್ಚಿಗೆ ಹೋಗುವ ಮುಂಚೆ ತಪ್ಪು ತಿದ್ದಲೆಂದು ತೆಗೆಯುವ ಪ್ರತಿಗೆ ಕರಡು ಎನ್ನುತ್ತಾರೆ. ಆ ಕರಡನ್ನು ಓದುತ್ತ ಒಂದೇ ಪ್ರೆಸ್ಸಿನ ಒಂದೇ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತದ್ದರಿಂದ ಅಂಟಿಕೊಂಡ ಹೆಸರು ಅದು. ಕುರ್ಚಿ ಸವೆಯಿತು, ಅಪ್ಪ ಅಮ್ಮ ಇಟ್ಟ ಹೆಸರು ಜನರ ಬಾಯಿಂದ ಜಾರಿತು, ಕರಡಮ್ಮ ಉಳಿಯಿತು. ಮದುವೆಯಾಗಲಿಲ್ಲ. ಅದಕ್ಕೆ ಅವರ ಅಕ್ಕ ಕೊಡುವ ಕಾರಣವೇ ಬೇರೆ: "ಗಂಡಿನ ಕಡೆಯಿಂದ ಬಂದ ಕಾಗದದಲ್ಲಿ ಇವಳು ಏಳು ತಪ್ಪು ಹುಡುಕಿ, ಕೆಂಪು ಪೆನ್ಸಿಲಲ್ಲಿ ತಿದ್ದಿ ವಾಪಸ್ ಕಳಿಸಿದಳು. ಆಮೇಲೆ ಯಾರು ಬರ್ತಾರೆ?"

ಅಕ್ಕ ತಂಗಿ ಇಬ್ಬರೂ ಒಂದು ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಅಕ್ಕ ನರ್ಸ್ ಕೆಲಸದಿಂದ ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೆ ತಂಗಿಯ ಹತ್ತಿರ ಬಂದವರು. ಹಗಲೆಲ್ಲ ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು. ಅಕ್ಕನಿಗೆ ಕಿವಿ ಮಂದವಾದ್ದರಿಂದ ಅದು ತೊಂದರೆ ಅನ್ನಿಸುತ್ತಿರಲಿಲ್ಲ. ಕರಡಮ್ಮನಿಗೆ ಯಂತ್ರದ ಸದ್ದಿಲ್ಲದಿದ್ದರೇ ತೊಂದರೆ.

ಪ್ರೆಸ್ಸಿನ ಕೆಲಸ ಅವರು ತಾವಾಗಿ ಬಿಟ್ಟಿದ್ದಲ್ಲ. ನಾಲ್ಕು ವರ್ಷದ ಹಿಂದೆ, ಅಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯಲ್ಲಿ ಒಂದು ಶ್ರದ್ಧಾಂಜಲಿ ಬಂದಿತ್ತು. "ನಮ್ಮನ್ನು ಅಗಲಿದ ತಂದೆಯವರ ನೆನಪಿಗೆ" ಎಂದು ಮಕ್ಕಳು ಬರೆದು ಕೊಟ್ಟಿದ್ದರು. ಅಚ್ಚಾಗಿ ಬಂದದ್ದು "ನಮ್ಮನ್ನು ಅಗಿದ ತಂದೆಯವರ ನೆನಪಿಗೆ". ನಡುವಿನ ಒಂದು ಲ ಮಾಯ. ಊರೆಲ್ಲ ನಕ್ಕಿತು, ಮಕ್ಕಳು ಪ್ರೆಸ್ಸಿಗೆ ಬಂದು ಕೂಗಾಡಿದರು. ಆ ಪುಟದ ಕರಡಿನ ಮೂಲೆಯಲ್ಲಿ ಕರಡಮ್ಮ ಕೆಂಪು ಪೆನ್ಸಿಲಿನಲ್ಲಿ "ನೋಡಿದೆ" ಎಂದು ಬರೆದು ಸಹಿ ಹಾಕಿದ್ದರು. ತಾವು ನೋಡಿದಾಗ ಲ ಅಲ್ಲೇ ಇತ್ತು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಹಿ ಬಿದ್ದ ಮೇಲೆ ಯಾರೋ ಕೈ ಹಾಕಿದ್ದಾರೆ. ಆದರೆ ತಾವು ನೋಡಿದ ಪ್ರತಿಯನ್ನು ತೋರಿಸಿ ಎಂದರೆ ಅದು ಸಿಗಲಿಲ್ಲ. ಪ್ರೆಸ್ಸಿನ ಮಾಲೀಕ ಅವರ ಮುಖ ನೋಡದೆ, ಗೋಡೆ ನೋಡುತ್ತ, "ವಯಸ್ಸಾಯ್ತು, ಕಣ್ಣು ಸೋತಿರಬೇಕು" ಎಂದ. ಮರುದಿನದಿಂದ ಕರಡಮ್ಮ ಹೋಗಲಿಲ್ಲ.

ಅಂದಿನಿಂದ ಅವರು ಯಾರನ್ನೂ ಪೂರ್ತಿ ನಂಬಿದ್ದಿಲ್ಲ. ಔಷಧಿ ಅಂಗಡಿಯ ಚೀಟಿಯನ್ನು ಎರಡು ಸಲ ಓದುವರು. ಬಸ್ಸಿನ ಬೋರ್ಡು ಓದಿದ ಮೇಲೂ ಹತ್ತುವ ಮುಂಚೆ ಒಬ್ಬರನ್ನು ಕೇಳಿ, ಹತ್ತಿದ ಮೇಲೆ ಇನ್ನೊಬ್ಬರನ್ನು ಕೇಳುವರು.

ಇಂಥವರ ಮನೆಯ ಮೆಟ್ಟಿಲು ಹತ್ತಿಕೊಂಡು ಒಂದು ಬೆಳಿಗ್ಗೆ ಒಬ್ಬ ಯುವಕ ಬಂದ. ಮೂವತ್ತು ದಾಟಿರದ ವಯಸ್ಸು, ಹೆಗಲಲ್ಲಿ ಬಟ್ಟೆ ಚೀಲ, ಮಾತಾಡುವಾಗ ಎರಡೂ ಕೈ ಗಾಳಿಯಲ್ಲಿ. ಹೊಸ ಮಾಸಪತ್ರಿಕೆ ಶುರು ಮಾಡುತ್ತಿದ್ದೇನೆ, ಅದಕ್ಕೆ ನಾನೇ ಸಂಪಾದಕ ಎಂದ. ಪುಟ ವಿನ್ಯಾಸ ಮಾಡುವವರೆಲ್ಲ ಈಗಷ್ಟೇ ಕಾಲೇಜು ಮುಗಿಸಿದ ಹುಡುಗರಂತೆ.

"ಕಣ್ಣಿಗೆ ಹಬ್ಬ ಮಾಡ್ತಾರೆ ಮೇಡಂ. ಆದ್ರೆ ಅಕ್ಷರ ನೋಡೋಕೆ ಒಬ್ಬರು ಬೇಕು. ಎಲ್ಲರೂ ನಿಮ್ಮ ಹೆಸರೇ ಹೇಳಿದ್ರು."

"ಎಲ್ಲರೂ ಅಂದ್ರೆ ಯಾರು?"

ಸಂಪಾದಕ ತಡವರಿಸಿದ. "ಅದೇ… ಈ ಕಸುಬಿನವರು."

"ಆ ಶ್ರದ್ಧಾಂಜಲಿ ಕಥೆಯನ್ನೂ ಹೇಳಿರಬೇಕಲ್ಲ?"

"ಹೇಳಿದ್ರು," ಎಂದ ಸಂಪಾದಕ ಸುಳ್ಳಾಡದೆ. "ನಾನು ನಂಬಲಿಲ್ಲ. ಮೊದಲ ಸಂಚಿಕೆಯಲ್ಲಿ ಎಲ್ಲರ ಹೆಸರೂ ಇರುತ್ತೆ ಮೇಡಂ. ಕರಡು ತಿದ್ದಿದವರು ಅಂತ ನಿಮ್ಮ ಹೆಸರೂ."

ಇಪ್ಪತ್ತಾರು ವರ್ಷದಲ್ಲಿ ಕರಡಮ್ಮ ಸಾವಿರಾರು ಹೆಸರು ತಿದ್ದಿದ್ದರು. ತಮ್ಮ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ. ಆತ ಹೋದ ಮೇಲೆ ಅಕ್ಕನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದರು: "ಹೆಸರು ಹಾಕ್ತಾನಂತೆ. ಹೆಸರು ಹಾಕೋದು ತಪ್ಪು ಬಂದಾಗ ತೋರಿಸೋಕೆ ಒಬ್ಬರು ಇರಲಿ ಅಂತ."

"ಹೋಗಬೇಡ ಹಾಗಾದ್ರೆ."

"ಹೋಗ್ತೀನಿ. ಹೋಗದಿದ್ರೆ ಕಣ್ಣು ಸೋತಿದ್ದೇ ನಿಜ ಅಂತಾರೆ."

ಪತ್ರಿಕೆಯ ಕಚೇರಿ, ಹಿಂದೆ ಟೈಪಿಂಗ್ ಶಾಲೆಯಿದ್ದ ಉದ್ದನೆಯ ಕೋಣೆ. ಟೈಪ್‌ರೈಟರುಗಳು ಕೂತು ಕೂತು ಮೇಜುಗಳ ಮೇಲೆ ಚೌಕನೆಯ ಗುರುತು ಬಿದ್ದಿತ್ತು. ಈಗ ಅಲ್ಲಿ ದೊಡ್ಡ ಕಂಪ್ಯೂಟರುಗಳು, ಬಣ್ಣದ ಕಾಗದದ ಚೂರುಗಳು, ಅರ್ಧ ಕುಡಿದಿಟ್ಟ ಟೀ ಲೋಟಗಳು. ವಿನ್ಯಾಸ ಮಾಡುವವರಲ್ಲಿ ಮುಖ್ಯವಾಗಿ ಇಬ್ಬರು. ಒಬ್ಬಳಿಗೆ ತಲೆ ತುಂಬ ಗುಂಗುರು ಕೂದಲು. ಎಲ್ಲರೂ ಅವಳನ್ನು ಗುಂಗುರಿ ಎಂದೇ ಕರೆಯುತ್ತಿದ್ದರು. ಇನ್ನೊಬ್ಬ ಉದ್ದಕ್ಕೆ ಬೆಳೆದವನು, ಕಿವಿಯಿಂದ ಹೆಡ್‌ಫೋನ್ ತೆಗೆದವನಲ್ಲ. ಅವನನ್ನು ಎಲ್ಲರೂ ಲಂಬು ಎನ್ನುತ್ತಿದ್ದರು.

ಮೊದಲ ದಿನವೇ ಕರಡಮ್ಮನಿಗೆ ಸಂಶಯ ಹತ್ತಿತು. ಗೋಡೆಗೆ ನಲವತ್ತೆಂಟು ಪುಟಗಳ ನಕ್ಷೆ ಅಂಟಿಸಿದ್ದರು. ಅದರಲ್ಲಿ ಎಂಟು ಪುಟ ಖಾಲಿ.

"ಇದಕ್ಕೆ ಬರಹ ಬಂದಿಲ್ವೇನಪ್ಪಾ?"

ಲಂಬು ಒಂದು ಕಿವಿಯ ಹೆಡ್‌ಫೋನ್ ಸರಿಸಿದ. "ಅದು ಉಸಿರಾಟದ ಪುಟ ಮೇಡಂ."

"ಏನು?"

"ಓದುಗ ಉಸಿರಾಡಬೇಕಲ್ಲ. ಖಾಲಿ ಜಾಗ."

ಉಸಿರಾಡಲು ಪತ್ರಿಕೆ ಯಾಕೆ ಬೇಕು ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಇವರು ಪುಟ ಖಾಲಿ ಬಿಡುವುದರ ಹಿಂದೆ ಏನೋ ಇದೆ, ಕೊನೆಗಳಿಗೆಯಲ್ಲಿ ಯಾವುದನ್ನೋ ತುರುಕುತ್ತಾರೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು. ಮಧ್ಯಾಹ್ನ ಕೈ ತೊಳೆದು ಒಳಗೆ ಬರುವಾಗ ಯಾರೋ ಪಿಸುಗುಟ್ಟಿದ್ದು ಕೇಳಿಸಿತು: "ಶ್… ಕರಡಿ ಬಂತು." ಎಲ್ಲರ ಮುಖವೂ ಒಟ್ಟಿಗೆ ಪರದೆಯ ಕಡೆ ತಿರುಗಿತು. ಕರಡಮ್ಮನಿಂದ ಕರಡಿಗೆ ಹೆಚ್ಚು ದೂರವಿಲ್ಲ. ಹಳೆ ಪ್ರೆಸ್ಸಿನಲ್ಲೂ ಅದನ್ನು ಕೇಳಿದ್ದರು. ಆದರೆ ಹಾಗೆ ಕರೆಯಲು ಅಲ್ಲಿನವರಿಗೆ ಹತ್ತು ವರ್ಷ ಬೇಕಾಗಿತ್ತು.

ಮೊದಲ ಕರಡು ಬರೀ ಉದ್ದುದ್ದ ಸಾಲುಗಳಲ್ಲಿ ಬಂತು. ಚಿತ್ರವಿಲ್ಲ, ಪುಟದ ಆಕಾರವಿಲ್ಲ. ಕರಡಮ್ಮ ಒಂದು ವಾರ ಕೂತು ಓದಿ, ತಿದ್ದಿ, ಪ್ರತಿ ಹಾಳೆಯ ಮೂಲೆಯಲ್ಲೂ "ನೋಡಿದೆ" ಎಂದು ಬರೆದರು. ಈ ಸಲ ಇನ್ನೊಂದು ಕೆಲಸವನ್ನೂ ಮಾಡಿದರು. ಹಾಳೆಗಳನ್ನು ಒಪ್ಪಿಸುವ ಮುಂಚೆ ಬೀದಿಯ ಮೂಲೆಯ ಅಂಗಡಿಗೆ ಹೋಗಿ ಎಲ್ಲದರ ಜೆರಾಕ್ಸ್ ತೆಗೆಸಿದರು. ಅದನ್ನು ಮನೆಗೆ ತಂದು, ಅಕ್ಕನ ಹಳೆಯ ಸೀರೆಯಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಅದೇನೇ, ಕದ್ದ ಮಾಲಾ?" ಎಂದು ಅಕ್ಕ ಕೇಳಿದರು.

"ಕದಿಯೋರು ಬಂದ್ರೆ ಹಿಡಿಯೋಕೆ."

ಎರಡನೇ ಕರಡು ಶುಕ್ರವಾರ ಬಂತು. ಈಗ ಪುಟಗಳಿಗೆ ಆಕಾರ ಬಂದಿತ್ತು. ಚಿತ್ರಗಳಿದ್ದವು, ದೊಡ್ಡ ತಲೆಬರಹಗಳಿದ್ದವು, ಸಾಲುಗಳು ಒಂದರ ಕೆಳಗೊಂದು ಒತ್ತೊತ್ತಾಗಿ ಅಚ್ಚುಕಟ್ಟಾಗಿ ಕೂತಿದ್ದವು. ಚೆನ್ನಾಗಿದೆ ಎಂದು ಕರಡಮ್ಮನಿಗೂ ಅನ್ನಿಸಿತು. ತಾವು ಹಾಕಿದ ತಿದ್ದುಪಡಿಗಳೆಲ್ಲ ಸರಿಯಾಗಿ ಬಂದಿದ್ದವು, ಒಂದೂ ಬಿಟ್ಟುಹೋಗಿರಲಿಲ್ಲ. ಅಷ್ಟು ಶಿಸ್ತು ಕಂಡು ಅವರಿಗೆ ಸಮಾಧಾನವಾಗುವ ಬದಲು ಇನ್ನಷ್ಟು ಅನುಮಾನವಾಯಿತು.

ಆರನೇ ಪುಟದಲ್ಲಿ ಒಬ್ಬ ನಿವೃತ್ತ ಅಂಚೆಯವರ ನೆನಪುಗಳಿದ್ದವು. ಕಾಗದ ಹಂಚುತ್ತ ಓಡಾಡಿದ ಬೀದಿಗಳು, ಕಾದು ಕೂರುತ್ತಿದ್ದ ಜನ. ಓದುತ್ತ ಓದುತ್ತ ಕರಡಮ್ಮನ ಪೆನ್ಸಿಲು ನಿಂತಿತು. "ನಮ್ಮ ಮುದುಕಿ ಬಾಗಿಲಲ್ಲೇ ಕೂತು ನನಗಾಗಿ ಕಾಯುತ್ತಿದ್ದಳು." ಮುದುಕಿಯೇ? ತಾವು ಓದಿದಾಗ ಅಲ್ಲಿದ್ದದ್ದು ಅಜ್ಜಿ. ಆ ಮನುಷ್ಯ ತನ್ನ ಅಜ್ಜಿಯ ಬಗ್ಗೆ ಎಷ್ಟು ಅಕ್ಕರೆಯಿಂದ ಬರೆದಿದ್ದರೆಂದರೆ ಓದುವಾಗ ಕರಡಮ್ಮ ಕನ್ನಡಕ ತೆಗೆದು ಒರೆಸಿಕೊಂಡಿದ್ದರು. ಎರಡು ಸಾಲು ಕೆಳಗೆ, "ಅವಳ ಮಾರ್ಜಾಲ ನನ್ನ ಕಾಲು ಸುತ್ತುತ್ತಿತ್ತು." ಬೆಕ್ಕು ಎಲ್ಲಿ ಹೋಯಿತು? ಮುಂದಿನ ಪುಟದಲ್ಲಿ ಹರಿದ ಚಪ್ಪಲಿ ಹೋಗಿ ಹರಿದ ಪಾದುಕೆ ಬಂದಿತ್ತು. ಮಕ್ಕಳ ಕಥೆಯೊಂದರಲ್ಲಿ ಹಕ್ಕಿಯ ಬದಲು ಖಗವೊಂದು ಕಿಟಕಿಯ ಮೇಲೆ ಕೂತಿತ್ತು.

ಕರಡಮ್ಮ ತಲೆ ಎತ್ತಿ ಕೋಣೆಯನ್ನು ನೋಡಿದರು. ಲಂಬು ತನ್ನ ಪರದೆಯಲ್ಲಿ ಮುಳುಗಿದ್ದ. ಅವನ ಕೀಬೋರ್ಡಿನ ಕೆಳಗಿಂದ ದಪ್ಪ ಪುಸ್ತಕವೊಂದು ಇಣುಕುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಎದ್ದು ಹಾದುಹೋಗುವಾಗ ಪುಸ್ತಕದ ಬೆನ್ನಿನ ಮೇಲಿನ ಹೆಸರು ಓದಿದರು. ಸಮಾನಾರ್ಥಕ ಪದಗಳ ಕೋಶ. ಚಿತ್ರ ಬಿಡಿಸುವವನಿಗೆ ಇದೇಕೆ?

ಏನೂ ಕಂಡಿಲ್ಲದವರ ಹಾಗೆ ಬಂದು ಕೂತರು. ಆ ದಿನ ಒಂದು ಪುಟಕ್ಕೂ "ನೋಡಿದೆ" ಎಂದು ಬರೆಯಲಿಲ್ಲ.

ಶನಿವಾರ ಸಂಜೆ ಮನೆಗೆ ನಡೆದು ಬರುವಾಗ ಸಂಶಯಕ್ಕೆ ರೆಕ್ಕೆ ಬಂತು. ಟೀ ಅಂಗಡಿಯ ಮುಂದೆ ಗುಂಗುರಿ ನಿಂತಿದ್ದಳು. ಅವಳ ಎದುರಿಗೆ, ಬೀಡಿ ಸೇದುತ್ತ, ಹಳೆ ಪ್ರೆಸ್ಸಿನ ಫೋರ್‌ಮನ್. ಯಂತ್ರಗಳನ್ನೂ ಪುಟ ಕಟ್ಟುವವರನ್ನೂ ನೋಡಿಕೊಳ್ಳುತ್ತಿದ್ದವನು ಅವನೇ. ಗುಂಗುರಿ ಕೈಯಲ್ಲಿ ಒಂದು ಪುಟ ಹಿಡಿದು ಬೆರಳಿಟ್ಟು ಏನನ್ನೋ ತೋರಿಸುತ್ತಿದ್ದಳು. ಅವನು ತಲೆ ಅಲ್ಲಾಡಿಸಿ ನಕ್ಕ. ಕರಡಮ್ಮ ವಿದ್ಯುತ್ ಕಂಬದ ಮರೆಗೆ ಸರಿದು ನಿಂತರು. ಕಂಬ ಸಣ್ಣದು, ಅವರು ದಪ್ಪ. ಆದರೂ ಯಾರೂ ನೋಡಲಿಲ್ಲ.

ಭಾನುವಾರ ಊಟವಾದ ಮೇಲೆ ಬೀರು ತೆಗೆದು ಜೆರಾಕ್ಸ್ ಹಾಳೆಗಳನ್ನು ನೆಲದ ಮೇಲೆ ಹರಡಿದರು. ಪಕ್ಕದಲ್ಲಿ ಹೊಸ ಕರಡು. ಒಂದೊಂದೇ ಸಾಲು ಹೋಲಿಸುತ್ತ, ಬದಲಾದ ಪದಗಳನ್ನು ಒಂದು ಹಾಳೆಯಲ್ಲಿ ಎರಡು ಸಾಲಾಗಿ ಬರೆದುಕೊಳ್ಳುತ್ತ ಹೋದರು. ಎಡಗಡೆ ಅಜ್ಜಿ, ಬಲಗಡೆ ಮುದುಕಿ. ಎಡಗಡೆ ಕಲ್ಲು, ಬಲಗಡೆ ಬಂಡೆ. ಹಳ್ಳ, ತೊರೆ. ಬೆಟ್ಟ, ಗಿರಿ. ಕತ್ತಲೆ, ತಮ. ಹದಿನಾರು ಪುಟ ಮುಗಿಯುವಷ್ಟರಲ್ಲಿ ಮೂವತ್ತೊಂದು ಪದ.

"ಇದು ಬೇಕೂಂತ ಮಾಡಿದ್ದು ಅಕ್ಕ. ಹಳೆ ಪ್ರೆಸ್ಸಿನವನು ಆ ಹುಡುಗಿಯನ್ನ ಕೈಗೆ ಹಾಕ್ಕೊಂಡಿದ್ದಾನೆ. ಪತ್ರಿಕೆ ನಗೆಪಾಟಲಾಗಬೇಕು, ತಪ್ಪೆಲ್ಲ ನನ್ನ ತಲೆಗೆ ಕಟ್ಟಬೇಕು. ಈ ಸಲ ನನ್ನ ಹೆಸರೂ ಅಚ್ಚಾಗಿರುತ್ತಲ್ಲ."

"ನಿನ್ನನ್ನ ನಗೆಪಾಟಲು ಮಾಡೋಕೆ ಅಷ್ಟೆಲ್ಲ ಕಷ್ಟ ಯಾರು ಪಡ್ತಾರೆ? ನೀನೇನು ಮಂತ್ರಿಯಾ?" ಎಂದರು ಅಕ್ಕ.

"ಮತ್ತೆ ಇದೇನು? ಈ ಪದಕ್ಕೂ ಆ ಪದಕ್ಕೂ ಒಂದು ಸಂಬಂಧ ಬೇಡ್ವಾ? ಒಂದು ಸಂಬಂಧವೂ ಇಲ್ಲ."

ಅಕ್ಕ ಮಂಚದಿಂದ ಬಾಗಿ ಪಟ್ಟಿಯನ್ನು ನೋಡಿದರು. ಅವರ ಕನ್ನಡಕ ಅಡುಗೆ ಕೋಣೆಯಲ್ಲಿತ್ತು. ಎದ್ದು ಹೋಗಿ ತರಲು ಸೋಮಾರಿತನವಾಗಿ ಕಣ್ಣು ಕಿರಿದು ಮಾಡಿದರು. ಸ್ವಲ್ಪ ಹೊತ್ತು ಎಡಕ್ಕೂ ಬಲಕ್ಕೂ ನೋಡಿದರು.

"ಓದೋಕಾಗಲ್ಲ ನನಗೆ. ಆದ್ರೆ ಈ ಕಡೆಯವಕ್ಕೆಲ್ಲ ಕಾಲಿದೆ. ಆ ಕಡೆಯವಕ್ಕೆ ಇಲ್ಲ. ಪಾಪ, ಎಲ್ಲರ ಕಾಲೂ ತೆಗೆದುಬಿಟ್ಟಿದ್ದಾರಲ್ಲೇ. ನಮ್ಮ ಎಲುಬಿನ ವಾರ್ಡಿನಲ್ಲೂ ಒಂದೇ ದಿನ ಇಷ್ಟು ಕಾಲು ಹೋಗಿದ್ದಿಲ್ಲ."

ಕರಡಮ್ಮ ಪಟ್ಟಿಯನ್ನು ದೂರ ಹಿಡಿದು ನೋಡಿದರು. ಅಜ್ಜಿ, ಬೆಕ್ಕು, ಕಲ್ಲು, ಹಕ್ಕಿ, ಚಪ್ಪಲಿ. ಒಂದೊಂದರ ಕೆಳಗೂ ಒಂದು ಒತ್ತಕ್ಷರ ನೇತಾಡುತ್ತಿತ್ತು. ಬಲಗಡೆಯ ಯಾವ ಪದದ ಕೆಳಗೂ ಏನೂ ಇರಲಿಲ್ಲ. ಮಾರ್ಜಾಲದಲ್ಲಿ ಒಂದು ಅರ್ಕಾವೊತ್ತು ಇತ್ತು, ನಿಜ, ಆದರೆ ಅದು ಕೆಳಗೆ ನೇತಾಡುವುದಿಲ್ಲ, ಮುಂದಿನ ಅಕ್ಷರದ ಪಕ್ಕಕ್ಕೆ ನಿಲ್ಲುತ್ತದೆ. ಇಪ್ಪತ್ತಾರು ವರ್ಷ ಅಕ್ಷರ ಓದಿದ ತಮಗೆ ಕಾಣದ್ದು, ಅಕ್ಷರ ಕಾಣದ ಅಕ್ಕನಿಗೆ ಕಂಡಿತ್ತು.

ಸಂಬಂಧ ಸಿಕ್ಕಿತು, ಆದರೆ ಸಂಶಯ ಹೋಗಲಿಲ್ಲ. ಒತ್ತಕ್ಷರದ ಮೇಲೆ ಯಾರಿಗೆ ಅಷ್ಟು ಹಗೆ?

ಸೋಮವಾರ ಕಚೇರಿಗೆ ಹೋದವರೇ, ಚೀಲ ಕೆಳಗಿಡದೆ, ಸಂಪಾದಕನ ಮೇಜಿನ ಮುಂದೆ ನಿಂತರು. ಗುರುವಾರ ಬೆಳಿಗ್ಗೆ ಪತ್ರಿಕೆ ಅಚ್ಚಿಗೆ ಹೋಗಬೇಕಿತ್ತು. ಊರಂಚಿನ ಬೇರೊಂದು ಪ್ರೆಸ್ಸಿನಲ್ಲಿ ಯಂತ್ರ ಖಾಲಿ ಇರುವುದು ಅಂದು ಮಾತ್ರ.

"ನಾನು ಒಂದು ಪುಟಕ್ಕೂ ಸಹಿ ಹಾಕಲ್ಲ. ಆ ಹುಡುಗೀನ ಕರಿ."

ಗುಂಗುರಿ ಬಂದಳು. ಹಿಂದೆಯೇ ಲಂಬುವೂ ಬಂದ.

"ಹೇಳಮ್ಮ. ಯಾರು ಹೇಳಿಕೊಟ್ಟಿದ್ದು?"

"ಏನನ್ನ ಮೇಡಂ?"

"ಅಜ್ಜಿಯನ್ನ ಮುದುಕಿ ಮಾಡೋದನ್ನ. ಶನಿವಾರ ಟೀ ಅಂಗಡಿ ಮುಂದೆ ನಿನ್ನನ್ನ ನೋಡಿದೆ. ಆ ಫೋರ್‌ಮನ್ ಕಡೆಯಿಂದ ಎಷ್ಟು ದಿನದಿಂದ ಕೆಲಸ ಮಾಡ್ತಿದ್ದೀಯ?"

ಗುಂಗುರಿಯ ಮುಖ ಕೆಂಪಾಯಿತು. ಒಂದು ಕ್ಷಣ ಅಳುತ್ತಾಳೇನೋ ಅನ್ನಿಸಿತು. ಅಳಲಿಲ್ಲ, ರೇಗಿದಳು.

"ಯಾರ ಕಡೆಯಿಂದಲೂ ಇಲ್ಲ! ಡಿಕ್ಕಿ ಹೊಡೀತಿತ್ತು ಮೇಡಂ!"

"ಏನು ಡಿಕ್ಕಿ?"

ಅವಳು ತನ್ನ ಕಂಪ್ಯೂಟರಿಗೆ ಓಡಿ, ಆರನೇ ಪುಟ ತೆರೆದು, ಮುದುಕಿಯನ್ನು ಅಳಿಸಿ ಅಜ್ಜಿಯನ್ನು ಬರೆದಳು. ಅಜ್ಜಿಯ ಕೆಳಗಿನ ಜ ನೇರವಾಗಿ ಕೆಳಸಾಲಿನ ಹೀಗೆ ಎಂಬ ಪದದ ತಲೆಯ ಮೇಲೆ ಕೂತಿತು. ಗುಡಿಸೂ ಒತ್ತೂ ಒಂದಕ್ಕೊಂದು ಬೆಸೆದು ಶಾಯಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ.

"ನೋಡಿ. ಪುಟದ ತುಂಬ ಹೀಗೇ. ಅದಕ್ಕೆ ಎಲ್ಲೆಲ್ಲಿ ಡಿಕ್ಕಿಯಾಯ್ತೋ ಅಲ್ಲೆಲ್ಲ ಅದೇ ಅರ್ಥದ ಇನ್ನೊಂದು ಪದ ಹಾಕಿದ್ವಿ. ಕೆಳಗೆ ಏನೂ ಇಲ್ಲದ್ದು. ಮೂರು ದಿನ ಕೂತು ಪುಸ್ತಕ ನೋಡಿ ನೋಡಿ ಹುಡುಕಿದ್ದೀವಿ."

"ಅರ್ಥ ಒಂದೇ ತಾನೇ ಮೇಡಂ?" ಎಂದ ಲಂಬು. ಮೊದಲ ಸಲ ಅವನ ಹೆಡ್‌ಫೋನ್ ಕುತ್ತಿಗೆಗೆ ಇಳಿದಿತ್ತು.

ಕರಡಮ್ಮ ಅವನನ್ನು ದಿಟ್ಟಿಸಿದರು. "ನಿನ್ನ ಅಜ್ಜಿಯನ್ನ ಇವತ್ತು ಮನೆಗೆ ಹೋಗಿ ಮುದುಕಿ ಅಂತ ಕರಿ ನೋಡೋಣ."

"ಚಪ್ಪಲಿ ಬರುತ್ತೆ," ಎಂದಳು ಗುಂಗುರಿ ಮೆಲ್ಲಗೆ.

"ಪಾದುಕೆ ಬರುತ್ತೆ," ಎಂದ ಸಂಪಾದಕ. ಹೇಳಿದ ಮೇಲೆ ನಗಬಾರದಿತ್ತೇನೋ ಎಂದು ಬಾಯಿ ಮುಚ್ಚಿಕೊಂಡ.

ಕರಡಮ್ಮ ನಗಲಿಲ್ಲ. "ನೀವು ಕಾಲೇಜಲ್ಲಿ ಪುಟ ಕಟ್ಟೋದು ಕಲಿತಿರಲ್ಲ, ಅಲ್ಲಿ ಏನು ಓದಿಸ್ತಿದ್ರು?"

"ಓದೋದೇನು ಮೇಡಂ? ಅಭ್ಯಾಸಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಸುರಿದು ಕೊಡೋರು. ಅದನ್ನ ಜಾಗಕ್ಕೆ ತುಂಬೋದು. ಹೆಚ್ಚಾದ್ರೆ ಕತ್ತರಿಸೋದು, ಕಡಿಮೆ ಆದ್ರೆ ಇನ್ನಷ್ಟು ಸುರಿಯೋದು," ಎಂದಳು ಗುಂಗುರಿ.

ಮೂರು ವರ್ಷ ಬೇರೆ ಲಿಪಿಯ ಅರ್ಥವಿಲ್ಲದ ಅಕ್ಷರವನ್ನು ತುಂಬಿ ಕಲಿತ ಮಕ್ಕಳು ಇವರು. ಆ ಲಿಪಿಯಲ್ಲಿ ಅಕ್ಷರದ ಕೆಳಗೆ ಅಕ್ಷರ ನೇತಾಡುವುದಿಲ್ಲ. ಅಲ್ಲಿ ಕಲಿತ ಅಳತೆಯಲ್ಲೇ ಇಲ್ಲೂ ಸಾಲು ಜೋಡಿಸಿದ್ದರು. ಸಾಲಿನ ನಡುವಿನ ಜಾಗ ಹೆಚ್ಚಿಸಬಹುದು ಎಂದು ಹೊಳೆಯದೆ, ಪದಗಳನ್ನೇ ಬದಲಾಯಿಸಲು ಹೊರಟಿದ್ದರು. ಕೇಳಿದರೆ ನಂಬಬಹುದಾದ ಮಾತು. ಆದರೆ ನಂಬುವಂಥ ಮಾತು ಕೇಳಿದಾಗಲೇ ಕರಡಮ್ಮ ಹೆಚ್ಚು ಎಚ್ಚರವಾಗುತ್ತಿದ್ದದ್ದು.

"ಫೋರ್‌ಮನ್ ಹತ್ರ ಯಾಕೆ ಹೋಗಿದ್ದೆ?"

"ಇನ್ನೂ ಎಂಟ್ಹತ್ತು ಕಡೆ ಬೇರೆ ಪದ ಸಿಕ್ಕಿರಲಿಲ್ಲ. ಅವರು ದಿನಾ ಆ ಅಂಗಡಿಗೆ ಟೀಗೆ ಬರ್ತಾರೆ, ಹಳಬರು, ಗೊತ್ತಿರುತ್ತೆ ಅಂತ ಕೇಳಿದೆ. 'ಸಾಲು ಕೂರದಿದ್ರೆ ಒಂದಕ್ಷರ ಕಿತ್ತು ಬಿಸಾಕು, ಯಾರು ಓದ್ತಾರೆ, ನಾನು ಎಷ್ಟು ಸಲ ಮಾಡಿಲ್ಲ' ಅಂತ ನಕ್ಕರು. ನನಗೆ ಅದು ಸರಿ ಅನ್ನಿಸಲಿಲ್ಲ. ಪದ ಬದಲಾಯಿಸಬಹುದು, ಅಕ್ಷರ ಕೀಳೋದು ಅನ್ಯಾಯ."

ಕರಡಮ್ಮ ಹತ್ತಿರದ ಕುರ್ಚಿಯಲ್ಲಿ ಕೂತರು. ನಾಲ್ಕು ವರ್ಷದಿಂದ ಒಂದು ಲ ಎಲ್ಲಿ ಹೋಯಿತೆಂದು ಅವರು ಹುಡುಕುತ್ತಿದ್ದರು. ಅವನೇ ಇರಬಹುದು. ಅವನೇ ಇರಬೇಕು. ಆದರೆ ಹೋಗಿ ಕೇಳಿದರೆ ಅವನು ಒಪ್ಪುತ್ತಾನೆಯೇ? ಈ ಹುಡುಗಿಯ ಮಾತನ್ನೇ ಹಿಡಿದು ಜಗಳಕ್ಕೆ ಹೋಗೋಣವೆಂದರೆ, ಇವಳ ಮಾತು ಎಷ್ಟು ನಿಜ? ಕೊನೆಗೆ ಪರದೆಯ ಕಡೆ ಬೆರಳು ತೋರಿಸಿ, "ಸಾಲಿನ ನಡುವೆ ಜಾಗ ಬಿಡು. ಈಗಿರೋದು ಸಾಲದು," ಎಂದಷ್ಟೇ ಹೇಳಿದರು.

ಜಾಗ ಬಿಟ್ಟರು. ಒತ್ತಕ್ಷರಗಳೆಲ್ಲ ಕಾಲು ಚಾಚಿಕೊಂಡು ನಿರಾಳವಾದವು. ಆದರೆ ಬರಹ ಉಕ್ಕಿ ಆರು ಪುಟ ಹೆಚ್ಚಾಯಿತು. ಎಲ್ಲರೂ ಲಂಬುವಿನ ಮುಖ ನೋಡಿದರು.

"ಉಸಿರಾಟದ ಪುಟ ಮುಟ್ಟಬೇಡಿ," ಎಂದ ಅವನು.

"ಉಸಿರೆಲ್ಲ ಎಂಟು ಪುಟದಲ್ಲೇ ಇರಬೇಕಾ? ಸಾಲು ಸಾಲಿಗೆ ಹಂಚಿಬಿಡು. ಓದೋನು ಓದ್ತಾ ಓದ್ತಾ ಉಸಿರಾಡ್ತಾನೆ," ಎಂದರು ಕರಡಮ್ಮ.

ಲಂಬು ಸಂಜೆಯವರೆಗೂ ಯಾರೊಡನೆಯೂ ಮಾತಾಡಲಿಲ್ಲ. ಆಮೇಲೆ ಆರು ಪುಟ ಬಿಟ್ಟುಕೊಟ್ಟ. ಎರಡನ್ನು ಮಾತ್ರ ಹಟ ಹಿಡಿದು ಉಳಿಸಿಕೊಂಡ.

ಇನ್ನು ಬದಲಾದ ಪದಗಳನ್ನೆಲ್ಲ ಹಿಂದಕ್ಕೆ ತರಬೇಕಿತ್ತು. ಎಲ್ಲೆಲ್ಲಿ ಬದಲಾಯಿಸಿದ್ದೇವೆ ಎಂದು ಆ ಮಕ್ಕಳು ಬರೆದಿಟ್ಟುಕೊಂಡಿರಲಿಲ್ಲ. ಕರಡಮ್ಮ ಮನೆಗೆ ಹೋಗಿ ಸೀರೆಯಲ್ಲಿ ಸುತ್ತಿದ ಗಂಟನ್ನು ತಂದು ಮೇಜಿನ ಮೇಲೆ ಇಟ್ಟರು. ಗಂಟು ಬಿಚ್ಚಿದಾಗ ಸಂಪಾದಕ ದಂಗಾದ.

"ಎಲ್ಲದರ ನಕಲು ಇಟ್ಕೊಂಡಿದ್ದೀರಾ? ನಮ್ಮ ಮೇಲೆ ಅಷ್ಟೂ ನಂಬಿಕೆ ಇರಲಿಲ್ವಾ ಮೇಡಂ?"

"ಇರಲಿಲ್ಲ," ಎಂದರು ಕರಡಮ್ಮ.

ಮಂಗಳವಾರ, ಬುಧವಾರ ಎರಡು ದಿನವೂ ಕರಡಮ್ಮ ಮತ್ತು ಗುಂಗುರಿ ಎದುರುಬದುರು ಕೂತರು. ಪ್ರೆಸ್ಸುಗಳ ಹಳೆಯ ಪದ್ಧತಿ ಅದು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹೊಸ ಪುಟದ ಮೇಲೆ ಕಣ್ಣಿಟ್ಟು ಹಿಂಬಾಲಿಸುವುದು. ಗುಂಗುರಿ ಜೆರಾಕ್ಸ್ ಓದಬೇಕು, ಕರಡಮ್ಮ ಪುಟ ನೋಡಬೇಕು. ಮೊದಲು ಅವಳು ಶಾಲೆಯ ಹುಡುಗಿಯಂತೆ ಎಡವುತ್ತ ಓದಿದಳು. ಅರ್ಧ ವಿರಾಮಕ್ಕೆ ನಿಲ್ಲದೆ ಪೂರ್ಣ ವಿರಾಮವನ್ನೂ ದಾಟಿ ಹೋಗುತ್ತಿದ್ದಳು.

"ಬಸ್ ತಪ್ಪಿಹೋಗ್ತಿದ್ಯಾ? ನಿಧಾನ."

ಅಂಚೆಯವರ ಬರಹಕ್ಕೆ ಬಂದಾಗ ಅವಳ ದನಿ ತಗ್ಗಿತು. ಅಜ್ಜಿ ತೀರಿಕೊಂಡ ಸಾಲು ಬಂದಾಗ ನಿಂತೇಹೋಯಿತು. "ಇದು ಇದರಲ್ಲಿ ಇತ್ತಾ?" ಎಂದಳು. ಮೂರು ವಾರದಿಂದ ಆ ಪುಟವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದ್ದಳು, ಓದಿರಲಿಲ್ಲ. ಇದು ನಾಟಕವಿರಬಹುದೇ ಎಂಬ ಒಂದು ಎಳೆ ಯೋಚನೆ ಕರಡಮ್ಮನಿಗೆ ಬಂದು, ಅವಳ ಮೂಗಿನ ತುದಿ ಕೆಂಪಾದದ್ದನ್ನು ಕಂಡು ಹಿಂದೆ ಸರಿಯಿತು. ಪೂರ್ತಿ ಹೋಗಲಿಲ್ಲ.

ಬುಧವಾರ ಮಧ್ಯಾಹ್ನ ಮೂವತ್ತೊಂದನೇ ಪುಟ. ತನ್ನ ಅಣ್ಣನ ಮನೆಯಲ್ಲಿ ಬೆಳೆದ ಒಬ್ಬ ಮಾಸ್ತರರ ಲೇಖನ. ಗುಂಗುರಿ ಓದುತ್ತ ಹೋಗಿ ಒಂದು ಕಡೆ ತಡೆದಳು. ಹಿಂದಕ್ಕೆ ಹೋಗಿ ನೋಡಿದಳು. ಮತ್ತೆ ಮುಂದಕ್ಕೆ ಬಂದಳು.

"ಏನಾಯ್ತು?"

"ಏನಿಲ್ಲ ಮೇಡಂ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ಹೇಳು."

"ಮೇಲೆ 'ಅಣ್ಣನ ಹೆಂಡತಿ, ನನ್ನ ಅತ್ತಿಗೆ' ಅಂತಿದೆ. ಇಲ್ಲಿ 'ಜ್ವರ ಬಂದಾಗ ನಾದಿನಿಯೇ ತಾಯಿಯಂತೆ ನೋಡಿಕೊಂಡಳು' ಅಂತಿದೆ. ಒಬ್ಬರೇ ಅಲ್ವಾ? ಅತ್ತಿಗೆ ನಾದಿನಿ ಹೇಗೆ ಆಗ್ತಾರೆ?"

ಕರಡಮ್ಮನ ಕಣ್ಣು ಕಿರಿದಾಯಿತು. "ಸಿಕ್ಕಿತಲ್ಲ! ಅತ್ತಿಗೆಗೆ ಒತ್ತಿದೆ, ನಾದಿನಿಗೆ ಇಲ್ಲ. ಇದೂ ನಿಮ್ಮದೇ ಕೆಲಸ. ಮಾಡೋದನ್ನೂ ಮಾಡಿ ಈಗ ನನ್ನನ್ನ ಪರೀಕ್ಷೆ ಮಾಡ್ತೀಯಾ?"

"ನಾನು ಓದ್ತಿರೋದು ಜೆರಾಕ್ಸ್ ಮೇಡಂ," ಎಂದಳು ಗುಂಗುರಿ. "ನಿಮ್ಮದು."

ಕರಡಮ್ಮ ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡರು. ನಾದಿನಿ. ಯಾರೂ ಮುಟ್ಟುವ ಮುಂಚಿನ ಹಾಳೆ, ತಾವೇ ಬೀಗ ಹಾಕಿಟ್ಟದ್ದು. ಮಾಸ್ತರರ ಕೈಬರಹ ತರಿಸಿ ನೋಡಿದರು. ಅಲ್ಲೂ ನಾದಿನಿ. ಬರೆಯುವಾಗ ಅವರು ತಪ್ಪಿದ್ದರು, ಓದುವಾಗ ಇವರು ತಪ್ಪಿದ್ದರು. ಹಾಳೆಯ ಮೂಲೆಯಲ್ಲಿ ತಮ್ಮದೇ ದುಂಡಗಿನ ಅಕ್ಷರ: ನೋಡಿದೆ.

ಬೇರೆ ಯಾರ ಕೈಯೂ ಇಲ್ಲ. ದೂರಲು ಒಬ್ಬರೂ ಸಿಗಲಿಲ್ಲ. ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಹಾಕಿಕೊಂಡರು. ಗಾಜು ಚೊಕ್ಕಟವಾಗಿಯೇ ಇತ್ತು. ಗುಂಗುರಿ ಬೈಗುಳಕ್ಕೆ ಕಾಯುವವಳಂತೆ ಭುಜ ಕುಗ್ಗಿಸಿ ಕೂತಿದ್ದಳು.

"ಸುಮ್ಮನೆ ಬಿಟ್ಟಿದ್ರೆ ನನಗೆ ಗೊತ್ತಾಗ್ತಿರಲಿಲ್ಲ," ಎಂದರು ಕರಡಮ್ಮ ಕೊನೆಗೆ.

"ಹೌದು."

"ಮತ್ತೆ ಯಾಕೆ ಹೇಳಿದೆ?"

"ನೀವೇ ಹೇಳು ಅಂದ್ರಲ್ಲ."

ಕರಡಮ್ಮ ಕೆಂಪು ಪೆನ್ಸಿಲನ್ನು ಅವಳ ಕಡೆ ತಳ್ಳಿದರು. ಅವಳು ನಾದಿನಿಯ ಮೇಲೆ ಗೀಟೆಳೆದು ಅತ್ತಿಗ ಎಂದು ಬರೆದಳು. ಗಾಬರಿಯಲ್ಲಿ ಕೊನೆಯ ಏತ್ವ ಬಿಟ್ಟಿದ್ದಳು. ಕರಡಮ್ಮ ಅದನ್ನು ತಾವೇ ಹಾಕಿದರು. ಆಮೇಲೆ ಹೊಸ ಪುಟದ ಮೂಲೆಯಲ್ಲಿ "ನೋಡಿದೆ" ಎಂದು ಬರೆದು, ಅದರ ಕೆಳಗೆ ಅವಳೂ ಬರೆಯಲಿ ಎಂದು ಬೆರಳಿಟ್ಟು ತೋರಿಸಿದರು.

ಸಂಜೆ ಎಲ್ಲ ಮುಗಿದಾಗ ಹಿಂದಕ್ಕೆ ಬಂದ ಪದಗಳು ನೂರ ಹದಿನಾಲ್ಕು. ಸಂಪಾದಕ ಕೊನೆಯ ಪುಟವನ್ನು ತಂದ. ಅದರಲ್ಲಿ ಎಲ್ಲರ ಹೆಸರುಗಳೂ ಇದ್ದವು. ಕರಡು ತಿದ್ದಿದವರು ಎಂಬಲ್ಲಿ ಕರಡಮ್ಮನ ನಿಜವಾದ ಹೆಸರು, ಅಪ್ಪ ಅಮ್ಮ ಇಟ್ಟದ್ದು. ಅವರು ಅದನ್ನು ಮೂರು ಸಲ ಓದಿದರು. ತಪ್ಪಿರಲಿಲ್ಲ.

"ಇದರ ಪಕ್ಕ ಇವಳ ಹೆಸರೂ ಹಾಕು," ಎಂದರು.

"ಅವಳ ಹೆಸರು ವಿನ್ಯಾಸದಲ್ಲಿ ಇದೆಯಲ್ಲ ಮೇಡಂ."

"ಇಲ್ಲೂ ಇರಲಿ. ತಪ್ಪು ಬಂದ್ರೆ ಇಬ್ಬರಿಗೂ ಬರಲಿ."

ಗುಂಗುರಿ ಅವರನ್ನೂ ಸಂಪಾದಕನನ್ನೂ ಸರದಿಯಲ್ಲಿ ನೋಡಿದಳು. "ಇದೇನು, ನನ್ನನ್ನ ಸಿಕ್ಕಿಸ್ತಿದ್ದೀರಾ?"

"ಹೌದು," ಎಂದರು ಕರಡಮ್ಮ.

ಗುರುವಾರ ಬೆಳಿಗ್ಗೆ ಇಬ್ಬರೂ ಊರಂಚಿನ ಪ್ರೆಸ್ಸಿಗೆ ಹೋದರು. ಸಹಿ ಬಿದ್ದ ಮೇಲೆ ಏನಾಗುತ್ತದೆಂದು ತಾವೇ ನಿಂತು ನೋಡದೆ ಕರಡಮ್ಮ ಈ ಸಲ ಮನೆಗೆ ಹೋಗುವವರಲ್ಲ. ಯಂತ್ರದವನು ಮೊದಲ ಹಾಳೆ ಎಳೆದು ಬೆಳಕಿಗೆ ಹಿಡಿದು, "ಬಣ್ಣ ಕೂತಿದೆ, ಓಡಿಸ್ಲಾ?" ಎಂದ. ಕರಡಮ್ಮ ಬಾಯಿ ತೆರೆಯುವ ಮುಂಚೆ ಗುಂಗುರಿ ಹಾಳೆಗೆ ಕೈ ಹಾಕಿದಳು.

"ಇರಿ ಇರಿ. ಓದಿಲ್ಲ ಇನ್ನೂ."

"ನಿನ್ನೆ ಓದಿರಲಿಲ್ವಾ?" ಎಂದ ಯಂತ್ರದವನು.

"ನಿನ್ನೆ ಓದಿದ್ದು ನಿನ್ನೆಯದು. ಆಮೇಲೆ ನೀವೇನು ಮಾಡಿದ್ದೀರೋ ನನಗೇನು ಗೊತ್ತು?"

ಯಂತ್ರದವನು ಕರಡಮ್ಮನ ಕಡೆ ತಿರುಗಿದ. "ಏನಮ್ಮ, ನಿಮ್ಮ ಮಗಳಾ?"

"ಅಲ್ಲ. ಯಾರು ಅಂತ ಇನ್ನೂ ಸರಿಯಾಗಿ ಗೊತ್ತಾಗಿಲ್ಲ," ಎಂದರು ಕರಡಮ್ಮ. ಹಾಳೆಯ ಇನ್ನೊಂದು ತುದಿಯನ್ನು ಹಿಡಿದು, ತಮ್ಮ ಪಾಲಿನ ಪುಟ ಓದಲು ಬಾಗಿದರು.